ಮಲೆನಾಡಿನ ಊಟ ಮತ್ತು ರಕ್ತದ ಸಕ್ಕರೆ

ರಕ್ತದ ಸಕ್ಕರೆ ಎಂದರೆ ರಕ್ತದಲ್ಲಿ ಕರಗಿರುವ ಗ್ಲೂಕೋಸಿನ ಪ್ರಮಾಣ. ಊಟದ ನಂತರ ಅದು ಎಷ್ಟು ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದು ಆಹಾರದಲ್ಲಿನ ಶರ್ಕರಪಿಷ್ಟ ಹಾಗೂ ಕೊಬ್ಬನ್ನೂ ದೇಹದಲ್ಲಿನ ಇನ್ಸುಲಿನ್ನಿನ ಕಾರ್ಯವನ್ನೂ ಅವಲಂಬಿಸಿದೆ. ಅಕ್ಕಿಯೇ ಪ್ರಧಾನವಾಗಿರುವ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಊಟವು ಇದನ್ನು ಅರಿಯಲು ತಕ್ಕ ಉದಾಹರಣೆಯಾಗಿದೆ.

ಅಕ್ಕಿ ಮತ್ತು ಇನ್ಸುಲಿನ್

ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಹೆಸರು ಬೇರೆಯಾದರೂ ಪದಾರ್ಥ ಒಂದೇ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದು, ಅದು ಜೀರ್ಣಗೊಂಡು ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆಗ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಸ್ರವಿಸುತ್ತವೆ. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ ಈ ಹಾರ್ಮೋನು, ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಕ್ಕೆ ಸೇರಿಸುತ್ತದೆ; ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುವುದನ್ನು ತಗ್ಗಿಸುತ್ತದೆ. ದುಡಿಯುವ ಸ್ನಾಯುವಾದರೋ ಇನ್ಸುಲಿನ್ನಿನ ನೆರವು ಹೆಚ್ಚಿಲ್ಲದೆಯೂ ಗ್ಲೂಕೋಸನ್ನು ಹೀರಿಕೊಳ್ಳಬಲ್ಲದು. ದಿನವಿಡೀ ತೋಟದ ಏರಿಳಿತಗಳಲ್ಲಿ ದುಡಿಯುವವನಿಗೆ ಒಗ್ಗುವ ನಾಲ್ಕು ರೊಟ್ಟಿ, ಜೀಪಿನಲ್ಲಿಯೇ ತೋಟ ಸುತ್ತುವವನಿಗೆ ಒಗ್ಗದಿರುವುದು ಇದರಿಂದಲೇ.

ಕೊಬ್ಬಿನ ಪಾತ್ರ

ಕೊಬ್ಬು ತಾನಾಗಿ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ. ಅದು ಜಠರ ಬರಿದಾಗುವುದನ್ನು ನಿಧಾನಗೊಳಿಸುವುದರಿಂದ ಏರಿಕೆ ತಡವಾಗುತ್ತದೆ. ಕಡುಬಿನೊಡನೆ ಹಂದಿಮಾಂಸದ ಸಾರು ಉಂಡವರ ಸಕ್ಕರೆ ಎರಡು ಗಂಟೆಗಳ ತರುವಾಯವೂ ಏರುತ್ತಿರಬಹುದು. ಆ ಹೊತ್ತಿನ ಪರೀಕ್ಷೆಯೊಂದನ್ನೇ ನಂಬಿ ಸಮಾಧಾನಪಡುವುದು ಸರಿಯಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲೊರಿಗಳಿದ್ದು, ವ್ಯಯವಾಗದ ಶಕ್ತಿಯು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೊಬ್ಬಾಗಿ ಸೇರಿದಾಗ ಇನ್ಸುಲಿನ್ನಿಗೆ ಪ್ರತಿರೋಧ ಬೆಳೆಯುತ್ತದೆ. ಹೆಚ್ಚುವರಿ ಅನ್ನದಿಂದಲೂ ಇದೇ ಪರಿಣಾಮವುಂಟು.

ಬೆಲ್ಲದ ಕಾಫಿ

ಬೆಲ್ಲ ಹಾಕಿದ ಕಾಫಿ ಮಧುಮೇಹಿಗಳಿಗೆ ನಿರಪಾಯಕರವೆಂಬ ನಂಬಿಕೆ ಬಲವಾಗಿದೆ. ಬೆಲ್ಲದ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ಈ ನಂಬಿಕೆಗೆ ಆಧಾರವಿಲ್ಲ.

ಬದಲಾವಣೆಯ ಕ್ರಮ

ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 62 ಶರ್ಕರಪಿಷ್ಟದಿಂದಲೇ ಬರುತ್ತದೆಂದು 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನವು ತಿಳಿಸಿದೆ. ಒಟ್ಟು ಪ್ರಮಾಣವನ್ನು ತಗ್ಗಿಸದೆ ಅಕ್ಕಿಯ ಬದಲು ಗೋಧಿ, ರಾಗಿ ಬಳಸಿದ ಮಾತ್ರಕ್ಕೆ ಅಪಾಯ ಕಡಿಮೆಯಾಗದೆಂಬುದು ಅದರ ಮುಖ್ಯ ಅಂಶ. ಒಂದು ರೊಟ್ಟಿಯನ್ನು ಬಿಟ್ಟು ಆ ಜಾಗಕ್ಕೆ ಹುರುಳಿ, ಕಾಳಿನ ಪಲ್ಯ, ಮೊಟ್ಟೆ ಅಥವಾ ಮಜ್ಜಿಗೆಯನ್ನು ಸೇರಿಸಿಕೊಳ್ಳುವುದು ಹೆಚ್ಚು ಫಲಕಾರಿ. ಕಳಲೆ, ಸೊಪ್ಪುಗಳ ನಾರಿನಂಶವೂ ಸಹಾಯಕ.

ಇನ್ಸುಲಿನ್ ಚುಚ್ಚುಮದ್ದನ್ನಾಗಲಿ, ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವ ಮಾತ್ರೆಗಳನ್ನಾಗಲಿ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಒಮ್ಮೆಲೇ ಅನ್ನವನ್ನು ಬಿಡಬಾರದು. ಸಕ್ಕರೆ 70 ಮಿ.ಗ್ರಾಂ./ಡೆ.ಲೀ.ಗಿಂತ ಕೆಳಗಿಳಿದರೆ ನಡುಕ, ಬೆವರು, ಮಂಕು ಕಾಣಿಸಿಕೊಂಡು, ಇನ್ನೂ ಇಳಿದರೆ ಪ್ರಜ್ಞೆಯೂ ತಪ್ಪಬಹುದು. ಆಸ್ಪತ್ರೆ ದೂರವಿರುವ ತೋಟದ ಮನೆಗಳಲ್ಲಿ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ಕೈಗೆಟಕುವಲ್ಲಿ ಇಟ್ಟಿರಬೇಕು.