ಜಲಾಶಯದ ತಳ ಸೇರಿದ ಹೊಲ

ಹೂವಿನಹಡಗಲಿ ಸೀಮೆಯಲ್ಲಿ ಮಸಾರಿಯೂ ಇದೆ, ಎರೆಯೂ ಇದೆ. ನೀರು ನಿಲ್ಲದ ಕೆಂಪು ಮಸಾರಿ ಮಲ್ಲಿಗೆಗೆ ಹಿತ. ಹಿಂಗಾರಿ ಜೋಳ, ಕಡಲೆಗೆ ತೇವ ಹಿಡಿದಿಡುವ ಎರೆಯೇ ಬೇಕು. ಎರಡರ ಮೂಲವೂ ಕಲ್ಲು.

ಈ ಭಾಗದ ಗ್ರಾನೈಟ್, ನೈಸ್ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ, ಕೆಲವಕ್ಕೆ ಅದಕ್ಕೂ ಹೆಚ್ಚು ವಯಸ್ಸು. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಬಂಡೆ ಬಿರಿಯುತ್ತದೆ. ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡ ಮಳೆನೀರು ತೆಳುವಾದ ಆಮ್ಲವಾಗಿ ಆ ಬಿರುಕಿಗೆ ಇಳಿದು, ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿಸುತ್ತದೆ. ಕರಗದ ಕ್ವಾರ್ಟ್ಸ್ ಮರಳಾಗಿ ಉಳಿಯುತ್ತದೆ. ಕಲ್ಲಿನ ಕಬ್ಬಿಣ ಆಮ್ಲಜನಕದೊಡನೆ ಸೇರಿ ಮಸಾರಿಗೆ ಕೆಂಪು ಕೊಡುತ್ತದೆ. ಸುಣ್ಣ, ಮೆಗ್ನೀಸಿಯಂ ಕೊಚ್ಚಿಹೋಗದೆ ನಿಲ್ಲುವ ತಗ್ಗಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಹುಟ್ಟುತ್ತದೆ. ನೆನೆದರೆ ಉಬ್ಬಿ, ಒಣಗಿದರೆ ಬಾಯಿಬಿಡುವ ಎರೆಯ ಗುಣ ಅದರದೇ.

ಆದರೆ ಕಲ್ಲಿನ ಪುಡಿಯೇ ಮಣ್ಣಲ್ಲ. ಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಇವೆಲ್ಲ ಕೂಡಿದರೆ ಮಣ್ಣು ಎಂದು ರಷ್ಯಾದ ಡೊಕುಚಾಯೆವ್ 1883ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಒಂದು ಸೆಂಟಿಮೀಟರ್ ಮಣ್ಣಿಗೆ ನೂರಾರು ವರ್ಷ ಹಿಡಿಯುತ್ತದೆ. ಹೋಗಲು ಕೆಲವು ಬಿರುಮಳೆ ಸಾಕು.

ಹಿಂಗಾರಿಗೆಂದು ಬಿಟ್ಟ ಎರೆ ಹೊಲ ಮಳೆಗಾಲವಿಡೀ ಬರಿದಾಗಿರುವುದು ನನ್ನನ್ನು ಬಹಳ ಕಾಡುವ ಸಂಗತಿ. ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಡಿದು ಮಣ್ಣಿನ ಹರಳನ್ನು ಒಡೆಯುತ್ತದೆ. ಉಬ್ಬಿದ ಜೇಡಿ ರಂಧ್ರಗಳನ್ನು ಮುಚ್ಚುತ್ತದೆ. ಇಂಗಲಾರದ ನೀರು ಮೇಲ್ಮಣ್ಣನ್ನೂ ತಿಪ್ಪೆಗೊಬ್ಬರದ ಸಾರವನ್ನೂ ಹೊತ್ತು ಹಳ್ಳಕ್ಕೆ, ಅಲ್ಲಿಂದ ತುಂಗಭದ್ರೆಗೆ ಇಳಿಯುತ್ತದೆ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯಕ್ಕೆ ಆಗ ಸುಮಾರು 133 ಟಿಎಂಸಿ ಸಾಮರ್ಥ್ಯವಿತ್ತು. ಈಗ ಸುಮಾರು 105ಕ್ಕೆ ಇಳಿದಿದೆ. ನಡುವಿನ ಜಾಗವನ್ನು ತುಂಬಿದ ಹೂಳಿನಲ್ಲಿ ಮೇಲ್ಭಾಗದ ಎಷ್ಟೋ ಹೊಲಗಳ ಸಾರವಿದೆ. ರೈತ ಎರಡು ಸಲ ಸೋಲುತ್ತಾನೆ: ಹೊಲದಲ್ಲಿ ಮಣ್ಣು ಹೋಯಿತು, ಅಣೆಕಟ್ಟೆಯಲ್ಲಿ ನೀರಿನ ಜಾಗ ಹೋಯಿತು.

ಬಳ್ಳಾರಿಯಲ್ಲಿ 1954ರಿಂದಲೂ ಮಣ್ಣು-ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರವಿದೆ. ದಾರಿ ಗೊತ್ತಿಲ್ಲದೆ ನಾವು ಮಣ್ಣು ಕಳೆದುಕೊಳ್ಳುತ್ತಿಲ್ಲ. ಇಳಿಜಾರಿಗೆ ಅಡ್ಡಲಾಗಿ ಹರಗಿ ಬಿತ್ತುವುದು, ಒಡ್ಡಿನ ಮೇಲೆ ಹುಲ್ಲು ಬೆಳೆಸುವುದು, ಹೆಚ್ಚಾದ ನೀರಿಗೆ ಕಲ್ಲಿನ ಕೋಡಿ ಕಟ್ಟಿ ಕೃಷಿಹೊಂಡಕ್ಕೆ ತಿರುಗಿಸುವುದು, ಬೆಳೆಯ ಕೂಳೆ ಸುಡದಿರುವುದು: ಇವು ಹೊಸ ಮಾತಲ್ಲ. ಏತ ನೀರಾವರಿ ಬಂದ ಎರೆಯಲ್ಲಿ ಬಸಿಗಾಲುವೆಯೂ ಬೇಕು. ಇಲ್ಲದಿದ್ದರೆ ಉಪ್ಪು ಮೇಲೆದ್ದು ನೆಲ ಸವಳಾಗುತ್ತದೆ.

ಈ ಸಲ ಮುಂಗಾರು ಬೀಳುವ ಮೊದಲು ಒಡೆದ ಒಡ್ಡನ್ನು ಕಟ್ಟಿಕೊಳ್ಳಿ. ಪಕ್ಕದ ಹೊಲದವರನ್ನೂ ಕರೆಯಿರಿ. ನೀರು ಸರ್ವೆ ನಂಬರ್ ನೋಡಿ ಹರಿಯುವುದಿಲ್ಲ.