ನಿದ್ದೆಗಣ್ಣಿನ ಡ್ರೈವರ್, ನಡುರಾತ್ರಿಯ ಹೆದ್ದಾರಿ

ಸೊಲ್ಲಾಪುರ: ಅಪಘಾತದಲ್ಲಿ ಡ್ರೈವರ್ ಬದುಕಿ ಉಳಿದರೆ ಪೊಲೀಸರ ಮುಂದೆ ಎಷ್ಟೋ ಸಲ ಒಂದೇ ಮಾತು ಬರುತ್ತದೆ. ಕನ್ನಡದವನಾದರೆ "ಕಣ್ಣು ಹತ್ತಿಬಿಟ್ವು ಸಾಹೇಬ್ರ" ಎನ್ನುತ್ತಾನೆ, ಮರಾಠಿಯವನಾದರೆ "ಜರಾ ಡೋಳಾ ಲಾಗಲಾ ಸಾಹೇಬ" ಎನ್ನುತ್ತಾನೆ. ಭಾಷೆ ಎರಡಾದರೂ ಆಗಿದ್ದು ಒಂದೇ. ಗಾಡಿ ಓಡುತ್ತಿತ್ತು, ಓಡಿಸುವವನು ಮಲಗಿದ್ದ.

ಸೊಲ್ಲಾಪುರದಿಂದ ಹೊರಡುವ ರಸ್ತೆಗಳು ರಾತ್ರಿ ಮಲಗುವುದಿಲ್ಲ. ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಕಂಟೇನರ್‌ಗಳು, ವಿಜಯಪುರದ ಕಡೆಗೆ ಬೆಂಗಳೂರು ಮಾರುಕಟ್ಟೆ ಮುಟ್ಟಬೇಕಾದ ಉಳ್ಳಾಗಡ್ಡಿ ಲಾರಿಗಳು, ಸ್ಲೀಪರ್ ಬಸ್ಸುಗಳು, ಅಕ್ಕಲಕೋಟ, ತುಳಜಾಪುರ, ಪಂಢರಪುರಕ್ಕೆ ಹೋಗಿ ಬರುವ ಕ್ರೂಸರ್ ಮತ್ತು ಟೆಂಪೊಗಳು. ಕಬ್ಬಿನ ಹಂಗಾಮಿನಲ್ಲಿ ಇವುಗಳ ನಡುವೆಯೇ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಸೊಲ್ಲಾಪುರ-ವಿಜಯಪುರ ರಸ್ತೆ ಚತುಷ್ಪಥವಾಗುವಾಗ, 2021ರ ಫೆಬ್ರುವರಿಯಲ್ಲಿ, 25.54 ಕಿ.ಮೀ. ಉದ್ದದ ಒಂದು ಲೇನಿಗೆ 18 ಗಂಟೆಯಲ್ಲಿ ಡಾಂಬರು ಹಾಕಿ ದಾಖಲೆ ಮಾಡಿದರು. ಅದರ ಮೇಲೆ ಒಂದೇ ಸಮ 18 ಗಂಟೆ ಸ್ಟೇರಿಂಗ್ ಹಿಡಿಯುವವರ ದಾಖಲೆಯನ್ನು ಯಾರೂ ಇಡುವುದಿಲ್ಲ.

ನಿದ್ದೆ ಬರುವುದಕ್ಕೂ ಒಂದು ಹೊತ್ತಿದೆ. ದೇಹದೊಳಗೆ ಒಂದು ಗಡಿಯಾರವಿದ್ದು, ಬೆಳಕು ಕತ್ತಲೆಗೆ ತಕ್ಕಂತೆ ಅದು ನಡೆಯುತ್ತದೆ. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ಅದು ದೇಹವನ್ನು ಪೂರಾ ಇಳಿಸಿಬಿಡುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಇನ್ನೊಂದು ಸಣ್ಣ ಇಳಿತವಿದೆ. ಹಿಂದಿನ ದಿನದ ನಿದ್ದೆಯೂ ಬಾಕಿ ಇದ್ದರೆ ಮಿದುಳು ಕೇಳದೆ ಕೇಳಿಸದೆ ಎರಡು, ಮೂರು, ನಾಲ್ಕು ಸೆಕೆಂಡು ಮುಚ್ಚಿಕೊಳ್ಳುತ್ತದೆ. ಕಣ್ಣು ತೆರೆದೇ ಇರಬಹುದು! ಮಲಗಿದ್ದೆ ಎಂಬುದು ಎಷ್ಟೋ ಸಲ ಮಲಗಿದವನಿಗೇ ಗೊತ್ತಾಗುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಬಸ್ಸು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಮೂರು ಸೆಕೆಂಡು ಜಂಪು ಹತ್ತಿದರೆ 66 ಮೀಟರ್ ದೂರ ಆ ಬಸ್ಸಿಗೆ ಡ್ರೈವರೇ ಇಲ್ಲ.

ಇಂಥ ಅಪಘಾತದ ಗುರುತು ಬೇರೆ. ರಸ್ತೆ ನೆಟ್ಟಗೆ ಇರುತ್ತದೆ, ತಿರುವು ಇರುವುದಿಲ್ಲ, ಟೈರಿನಡಿ ಬ್ರೇಕಿನ ಗೆರೆ ಕಾಣುವುದಿಲ್ಲ. ಘಾಟಿನಲ್ಲಿ ಎಚ್ಚರ ತಾನಾಗಿಯೇ ಇರುತ್ತದೆ. ಬಯಲುಸೀಮೆಯ ನೇರ ರಸ್ತೆಯೇ ತೂಗಿ ಮಲಗಿಸುವುದು. 2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ತಮ್ಮೂರಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್, ರಸ್ತೆ ಬದಿ ನಿಂತಿದ್ದ ಲಾರಿಯ ಹಿಂಬದಿಗೆ ಬಡಿಯಿತು. 13 ಮಂದಿ ಸತ್ತರು. ಡ್ರೈವರ್‌ಗೆ ನಿದ್ದೆ ಹತ್ತಿರಬಹುದು ಎಂಬ ಅನುಮಾನ ಆಗಲೇ ಎದ್ದಿತ್ತು. ಅನುಮಾನ ಎನ್ನುವುದಕ್ಕಿಂತ ಮುಂದೆ ಹೋಗುವುದು ಇಂಥ ಪ್ರಕರಣಗಳಲ್ಲಿ ಕಷ್ಟ.

ಯಾಕೆಂದರೆ ಕುಡಿದವನನ್ನು ಹಿಡಿಯಲು ಊದಿಸುವ ಯಂತ್ರವಿದೆ, ನಿದ್ದೆಗೆಟ್ಟವನನ್ನು ಅಳೆಯಲು ಪೊಲೀಸರ ಕೈಯಲ್ಲಿ ಏನೂ ಇಲ್ಲ. ಕೇಂದ್ರ ಸರ್ಕಾರದ ರಸ್ತೆ ಅಪಘಾತ ವರದಿಯಲ್ಲಿ 2022ರಲ್ಲಿ ಸತ್ತವರು 1,68,491. ಕಾರಣಗಳ ಪಟ್ಟಿಯಲ್ಲಿ ಅತಿವೇಗ, ಮದ್ಯಪಾನ, ಮೊಬೈಲ್, ತಪ್ಪು ದಿಕ್ಕಿನ ಚಾಲನೆ, ಸಿಗ್ನಲ್ ಉಲ್ಲಂಘನೆ ಇವೆಲ್ಲ ಇವೆ. ನಿದ್ದೆಗೆ ಅಲ್ಲಿ ಸ್ವಂತ ಸಾಲಿಲ್ಲ. ಅದು ಒಮ್ಮೆ ಅತಿವೇಗದಲ್ಲಿ, ಒಮ್ಮೆ "ಇತರೆ"ಯಲ್ಲಿ ಸೇರಿಹೋಗುತ್ತದೆ. ಲೆಕ್ಕಕ್ಕೆ ಬಾರದ್ದಕ್ಕೆ ಮದ್ದು ಹುಡುಕುವವರೂ ಕಡಿಮೆ.

ಹಾಗೆಂದು ಇದು ಸಣ್ಣ ಅಮಲಲ್ಲ. 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಚುರುಕು, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದರೇ ಕೇಸು. ಅಂದರೆ ಬೆಳಿಗ್ಗೆ 6ಕ್ಕೆ ಎದ್ದು ರಾತ್ರಿ 11ಕ್ಕೂ ಸ್ಟೇರಿಂಗ್ ಹಿಡಿದವನು ಒಂದು ಹನಿ ಕುಡಿಯದೆಯೂ ಕುಡಿದವನಂತೆಯೇ.

ಡ್ರೈವರ್‌ನನ್ನು ಬೈದು ಪ್ರಯೋಜನವಿಲ್ಲ. ಸೇವ್‌ಲೈಫ್ ಫೌಂಡೇಷನ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಲಾರಿ ಚಾಲಕ ದಿನಕ್ಕೆ ಸರಾಸರಿ 12 ಗಂಟೆ ಓಡಿಸುತ್ತಾನೆ. ದಣಿವಾದರೂ, ನಿದ್ದೆ ಬಂದರೂ ಗಾಡಿ ನಿಲ್ಲಿಸುವುದಿಲ್ಲ ಎಂದು ಒಪ್ಪಿಕೊಂಡವರು ಹೆಚ್ಚುಕಡಿಮೆ ಅರ್ಧದಷ್ಟು. ನಿಲ್ಲಿಸಿದರೆ ಮಾಲು ತಡ, ತಡವಾದರೆ ಬಾಡಿಗೆಯಲ್ಲಿ ಕಡಿತ. ನಿಲ್ಲಿಸಿದ ಕಡೆ ಡೀಸೆಲ್ ಕಳ್ಳರ ಭಯ ಬೇರೆ. ಕಬ್ಬಿನ ಟ್ರ್ಯಾಕ್ಟರಿನವನ ಕಥೆ ಇನ್ನೂ ವಿಚಿತ್ರ. ಅವನು ಓಡಿಸುವುದು ಕಡಿಮೆ, ಕಾರ್ಖಾನೆ ಅಂಗಳದ ಸಾಲಿನಲ್ಲಿ ಕಾಯುವುದೇ ಹೆಚ್ಚು. ಸಾಲು ಮುಂದೆ ಸರಿಯುತ್ತಲೇ ಇರುವುದರಿಂದ ಅದು ವಿಶ್ರಾಂತಿಯೂ ಅಲ್ಲ, ನಿದ್ದೆಯೂ ಅಲ್ಲ.

ಕಾನೂನು ಇರಲಿಲ್ಲವೇ? ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಹಾಕಿತ್ತು. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 9 ಗಂಟೆ ವಿರಾಮ ಎಂದೂ ಹೇಳಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ. ಸಾಲ ಮಾಡಿ ಒಂದೇ ಲಾರಿ ಕೊಂಡು ತಾನೇ ಓಡಿಸುವವನನ್ನು ಅದು ಮುಟ್ಟಲೇ ಇಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆ ಹೋಯಿತು. 8 ಗಂಟೆಯ ಮಿತಿ ಉಳಿಯಿತು. ಇದಕ್ಕಿಂತ ದೊಡ್ಡ ಪೆಟ್ಟು 2018ರಲ್ಲೇ ಬಿದ್ದಿತ್ತು. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಕಡ್ಡಾಯ ಎಂಬ ನಿಯಮವನ್ನು ಆ ವರ್ಷ ತೆಗೆದುಹಾಕಿದರು. ಯುರೋಪಿನಲ್ಲಿ ಲಾರಿಯೊಳಗಿನ ಯಂತ್ರವೇ ಚಾಲನೆಯ ಹೊತ್ತನ್ನು ಬರೆದಿಡುತ್ತದೆ, ನಾಲ್ಕೂವರೆ ಗಂಟೆಗೆ 45 ನಿಮಿಷ ನಿಲ್ಲಲೇಬೇಕು. ಇಲ್ಲಿ ಲೆಕ್ಕ ಇಡುವುದು ಮಾಲೀಕನ ಫೋನು, ಅದು ಕೇಳುವುದು "ಎಲ್ಲಿದ್ದೀ?" ಎಂದಷ್ಟೇ.

ನಿದ್ದೆ ಓಡಿಸಲು ಡ್ರೈವರುಗಳು ಮಾಡುವ ಉಪಾಯಗಳು ಹಲವು. ಮಾವಾ ಜಗಿಯುವುದು, ಜೋರಾಗಿ ಹಾಡು ಹಾಕುವುದು, ಕಿಟಕಿ ತೆರೆದು ಮುಖಕ್ಕೆ ಗಾಳಿ ಬಡಿಸಿಕೊಳ್ಳುವುದು. ಇವು ಯಾವುವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಡಕ್ ಚಹಾ, ಕಾಫಿ ಸ್ವಲ್ಪ ಕೆಲಸ ಮಾಡುತ್ತವೆ, ಆದರೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು. ಆದ್ದರಿಂದ ಕುಡಿದ ಕೂಡಲೇ ಗಾಡಿ ಎತ್ತದೆ, ಕುಡಿದು 15-20 ನಿಮಿಷ ಅಡ್ಡಾಗಿ ಎದ್ದರೆ ಎರಡರ ಲಾಭವೂ ಸಿಗುತ್ತದೆ. ಅದೂ ಒಂದೆರಡು ತಾಸಿನ ಮಾತು. ಸಾಲ ತೀರಿಸಿದಂತೆ ನಿದ್ದೆಯನ್ನು ನಿದ್ದೆಯಿಂದಲೇ ತೀರಿಸಬೇಕು. ಮಲಗಿದಾಗ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾಗುವ ಡ್ರೈವರ್ ಎಂಟು ತಾಸು ಮಲಗಿದರೂ ದಣಿದೇ ಏಳುತ್ತಾನೆ. ಅಂಥವರು ವೈದ್ಯರಿಗೆ ತೋರಿಸಬೇಕು.

ಊರ ಜನ ಗಮನಿಸಬೇಕಾದ್ದು ಬಾಡಿಗೆ ಗಾಡಿಯ ವಿಷಯ. ಹಳ್ಳಿಯಿಂದ ಹದಿನೈದು ಜನ ಸೇರಿ ಗಾಡಿ ಗೊತ್ತು ಮಾಡುತ್ತಾರೆ. ರಾತ್ರಿ ಹೊರಟು, ಹಗಲೆಲ್ಲ ಎರಡು ಮೂರು ದೇವಸ್ಥಾನ ನೋಡಿ, ಲಾಡ್ಜಿನ ಖರ್ಚು ಉಳಿಸಲು ಮತ್ತೆ ರಾತ್ರಿಯೇ ಹೊರಡುತ್ತಾರೆ. ದರ್ಶನದ ಸಾಲಿನಲ್ಲಿ ದಣಿದವರೆಲ್ಲ ಸೀಟಿನಲ್ಲಿ ಮಲಗುತ್ತಾರೆ. ಡ್ರೈವರ್ ಮಾತ್ರ ಹಗಲು ಪಾರ್ಕಿಂಗ್ ಬಿಸಿಲಿನಲ್ಲಿ ಗಾಡಿ ಕಾದವನು, ರಾತ್ರಿ ಒಬ್ಬನೇ ಎಚ್ಚರ. ಅವನಿಗೊಂದು ನೆರಳು, ಒಂದು ಚಾಪೆ, ಆರು ತಾಸು ಬಿಡುವು ಕೊಟ್ಟು, ರಾತ್ರಿ 2ರ ನಂತರ ಗಾಡಿ ನಿಲ್ಲಿಸಿ ಬೆಳಕಾದ ಮೇಲೆ ಹೊರಟರೆ ಹೆಚ್ಚಾಗುವುದು ಒಂದು ಹೊತ್ತಿನ ಚಹಾದ ಖರ್ಚು. ಮುಂದಿನ ಸೀಟಿನಲ್ಲಿ ಒಬ್ಬರಾದರೂ ಮಾತಾಡುತ್ತ ಕೂಡಬೇಕು. ಡ್ರೈವರ್ ಮೇಲಿಂದ ಮೇಲೆ ಆಕಳಿಸಿದರೆ, ಗಾಡಿ ಬಿಳಿ ಗೆರೆ ದಾಟಿ ವಾಲಿದರೆ, ಹಿಂದೆ ಬಿಟ್ಟ ಊರು ಯಾವುದೆಂದು ಕೇಳಿದಾಗ ಅವನಿಗೆ ನೆನಪಾಗದಿದ್ದರೆ, ಮುಂದಿನ ಧಾಬಾದಲ್ಲಿ ನಿಲ್ಲಿಸಿ ಎನ್ನಲು ಸಂಕೋಚ ಬೇಡ. ಸ್ಲೀಪರ್ ಬಸ್ಸಿಗೆ ಟಿಕೆಟ್ ತೆಗೆಸುವಾಗಲೂ ಇಬ್ಬರು ಡ್ರೈವರ್ ಇದ್ದಾರೆಯೇ ಎಂದು ಕೇಳಬಹುದು. ಹೆದ್ದಾರಿಯಲ್ಲಿ ದೀಪ, ರಿಫ್ಲೆಕ್ಟರ್ ಇಲ್ಲದೆ ಲಾರಿ ಅಥವಾ ಟ್ರಾಲಿ ನಿಂತಿದ್ದು ಕಂಡರೆ 1033ಕ್ಕೆ ಫೋನ್ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯ ಈ ಸಹಾಯವಾಣಿ ಹಗಲೂ ರಾತ್ರಿ ಇರುತ್ತದೆ.