ಹಾಲಿಳಿಸುವ ಹಾರ್ಮೋನು: ಸೂಜಿ ಏಕೆ ಬೇಡ?

"ಕರು ಸತ್ತ ಮೇಲೆ ಹಸು ಹಾಲಿಳಿಸುವುದಿಲ್ಲ, ಒಂದು ಇಂಜೆಕ್ಷನ್ ಕೊಟ್ಟರೆ ಆಗದೇ?" ಎಂದು ಮನೆ ಭೇಟಿಯ ವೇಳೆ ನಮ್ಮನ್ನು ಕೇಳುವವರಿದ್ದಾರೆ. ಆ ಬಾಟಲಿಯಲ್ಲಿರುವುದು ಆಕ್ಸಿಟೋಸಿನ್. ಅದು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯೋಣ.

ಹಾರ್ಮೋನು ಎಂದರೆ ಗ್ರಂಥಿಯು ರಕ್ತಕ್ಕೆ ಬಿಡುವ ಸಂದೇಶ. ರಕ್ತ ಅದನ್ನು ದೇಹವಿಡೀ ಒಯ್ಯುತ್ತದೆ. ಆದರೆ ಅದಕ್ಕೆ ತಕ್ಕ ಗ್ರಾಹಕವಿರುವ ಜೀವಕೋಶಗಳು ಮಾತ್ರ ಓಗೊಡುತ್ತವೆ. ಗ್ರಾಹಕ ಬೀಗವಾದರೆ ಹಾರ್ಮೋನು ಕೀಲಿಕೈ.

ಕರು ಮೊಲೆಗೆ ಬಾಯಿಟ್ಟಾಗ, ಇಲ್ಲವೇ ನಾವು ಕೆಚ್ಚಲು ತೊಳೆದು ನೀವಿದಾಗ, ನರಗಳ ಮೂಲಕ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಬಿಡುತ್ತದೆ. ಕೆಚ್ಚಲಿನಲ್ಲಿ ಹಾಲು ತುಂಬಿದ ಪುಟ್ಟ ಚೀಲಗಳಿವೆ. ಅವುಗಳನ್ನು ಬುಟ್ಟಿಯ ಹೆಣಿಗೆಯಂತೆ ಸುತ್ತಿರುವ ಜೀವಕೋಶಗಳಲ್ಲಿ ಈ ಬೀಗವಿದೆ. ಅವು ಬಿಗಿದಾಗ ಹಾಲು ಇಳಿಯುತ್ತದೆ. ಇದರ ಪರಿಣಾಮ ಕೆಲವೇ ನಿಮಿಷ. ಆದ್ದರಿಂದ 5ರಿಂದ 7 ನಿಮಿಷಗಳಲ್ಲಿ ಹಾಲು ಕರೆದು ಮುಗಿಸಬೇಕು. ಗದರಿದರೆ, ಹೊಡೆದರೆ ಅಡ್ರಿನಲಿನ್ ಏರಿ ಹಸು ಹಾಲನ್ನು ತಡೆಹಿಡಿಯುತ್ತದೆ.

ಇದೇ ಬೀಗ ಗರ್ಭಕೋಶದಲ್ಲಿಯೂ ಇದೆ. ದಿನ ತುಂಬುತ್ತಾ ಬಂದಂತೆ ಅವುಗಳ ಸಂಖ್ಯೆ ಹೆಚ್ಚುತ್ತದೆ. ಹೆರಿಗೆಯ ಬಳಿಕ ರಕ್ತಸ್ರಾವ ತಡೆಯಲು ಆಸ್ಪತ್ರೆಯಲ್ಲಿ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದು ಇದಕ್ಕಾಗಿಯೇ. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಮೊಲೆಯೂಡಿಸಿರಿ. ಮಗು ಚೀಪಿದಾಗ ತಾಯಿಯ ಗರ್ಭಕೋಶವೂ ಬಿಗಿಯುತ್ತದೆ.

ಹೀಗಿರುವಾಗ ಹಟ್ಟಿಯಲ್ಲಿ ದಿನಾಲೂ ಸೂಜಿ ಚುಚ್ಚಿದರೆ ಏನಾಗುತ್ತದೆ? ರಕ್ತ ಸೇರಿದ ಮದ್ದು ಕೆಚ್ಚಲಿಗೆ ಮಾತ್ರ ಹೋಗುವುದಿಲ್ಲ, ಗರ್ಭಕೋಶಕ್ಕೂ ಹೋಗುತ್ತದೆ. ಅದು ಹೊಸ ಹಾಲನ್ನು ತಯಾರಿಸುವುದೂ ಇಲ್ಲ. ಹಾಲು ತಯಾರಾಗಲು ಪ್ರೊಲ್ಯಾಕ್ಟಿನ್ ಮೊದಲಾದ ಬೇರೆ ಹಾರ್ಮೋನುಗಳು, ಒಳ್ಳೆಯ ಮೇವು, ನೀರು ಬೇಕು. ಸೂಜಿಗೆ ಒಗ್ಗಿಹೋದ ಹಸು ಕ್ರಮೇಣ ತಾನಾಗಿ ಹಾಲಿಳಿಸುವುದನ್ನೇ ಕಡಿಮೆ ಮಾಡುತ್ತದೆ. ಹಾಲಿನ ಆಸೆಗೆ ಪ್ರಾಣಿಯ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಪಶುವೈದ್ಯರು ಪರೀಕ್ಷಿಸಿ ಚಿಕಿತ್ಸೆಗಾಗಿ ಕೊಡುವುದು ಬೇರೆ ಮಾತು.

ಕರು ಸತ್ತ ಹಸುವಿಗೆ ಹೀಗೆ ಮಾಡಿ ನೋಡಿರಿ:

• ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಒಬ್ಬರೇ ಹಾಲು ಕರೆಯಿರಿ.
• ಮುಂದೆ ಹಿಂಡಿ ಇಲ್ಲವೇ ಅಕ್ಕಚ್ಚು ಇಡಿರಿ.
• ಉಗುರುಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು, ಒಂದು ನಿಮಿಷ ಮೆಲ್ಲನೆ ನೀವಿ, ಒರಸಿ, ತಡಮಾಡದೆ ಕರೆಯಿರಿ.
• ನಾಯಿ, ಗಲಾಟೆ, ಬೈಗುಳ ಹತ್ತಿರ ಬೇಡ.

ಕೆಲವು ದಿನ ತಾಳ್ಮೆ ಬೇಕು. ಅಷ್ಟಾದರೂ ಇಳಿಸದಿದ್ದರೆ ಪಶುವೈದ್ಯರಿಗೆ ತೋರಿಸಿರಿ. ಅಂಗಡಿಯಿಂದ ಬಾಟಲಿ ತರಬೇಡಿರಿ.